ಉಳಿಯ ಮೊನೆ, ಅಡಿಗೂಂಟ, ತಿಪ್ಪೆ: ಧ್ಯಾನದ ಕುರುಹುಗಳನ್ನು ಓದುವವರು ಯಾರು?

ಹೋದ ವರ್ಷ ಬಿ.ಎ. ತರಗತಿಯಲ್ಲಿ ಮಾದಾರ ಚೆನ್ನಯ್ಯನ ವಚನ ಪಾಠ ಮಾಡುತ್ತಿದ್ದೆ. ಅಂಕಿತ ಎಂದರೇನು ಎಂದು ವಿವರಿಸಲು ಬಸವಣ್ಣನಿಗೆ ಕೂಡಲಸಂಗಮದೇವ, ಮಡಿವಾಳ ಮಾಚಯ್ಯನಿಗೆ ಕಲಿದೇವರದೇವ, ಡೋಹರ ಕಕ್ಕಯ್ಯನಿಗೆ ಅಭಿನವ ಮಲ್ಲಿಕಾರ್ಜುನ ಎಂದು ಬೋರ್ಡಿನ ಮೇಲೆ ಬರೆದು ಚೆನ್ನಯ್ಯನ ಹತ್ತಿರ ಬಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಎಲ್ರೂ ದೇವ್ರ ಹೆಸ್ರು ಇಟ್ಕಂಡಿದಾರೆ. ಇವ್ರ ದೇವ್ರ ಹೆಸ್ರೊಳಗೆ ಕತ್ತಿ ಯಾಕೆ ಬಂತು?" ಅಂದ. ತರಗತಿ ನಕ್ಕಿತು. ನಾನು ಎಂ.ಎ.ಯಲ್ಲಿ ಬರೆದುಕೊಂಡಿದ್ದ ನೋಟ್ಸಿನಿಂದ ಉತ್ತರ ಕೊಟ್ಟೆ: ಅವೆಲ್ಲ ಸಂಕೇತಗಳು, ಉಳಿ ಎಂದರೆ ಮನಸ್ಸು, ಕತ್ತಿ ಎಂದರೆ ಇಂದ್ರಿಯ, ಅಡಿಗೂಂಟ ಎಂದರೆ ದೇಹ, ಇವುಗಳ ಅಧೀನವಾಗಬೇಡ ಎಂಬುದು ಭಾವಾರ್ಥ. ಹುಡುಗ ಕೂತ. ಕೂರುವಾಗ ಪಕ್ಕದವನ ಕಿವಿಯಲ್ಲಿ, "ನಮ್ಮ ಮಾವನ ಹತ್ರ ಐತೆ ಕಣೋ ಅದು, ಇಂದ್ರಿಯ ಅಲ್ಲ" ಎಂದದ್ದು ನನಗೆ ಕೇಳಿಸಿತು.

ನಮ್ಮ ಮನೆಯಲ್ಲೂ ಇತ್ತು. ಅದನ್ನು ನಾನು ಆ ತರಗತಿಯಲ್ಲಿ ಹೇಳಲಿಲ್ಲ. ಈ ಬರಹಕ್ಕೆ ಕಾರಣ ಆ ಹುಡುಗನ ಪ್ರಶ್ನೆಯಷ್ಟೇ ಅಲ್ಲ, ಹೇಳದೆ ಉಳಿದ ನನ್ನ ಬಾಯಿಯೂ ಹೌದು.

ಅದಕ್ಕೂ ಮೂರು ವರ್ಷ ಮೊದಲು, ನೆಟ್ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿ ನಿದ್ದೆ ಬರದಂತಾಗಿದ್ದಾಗ, ಗೆಳೆಯನೊಬ್ಬನ ಒತ್ತಾಯಕ್ಕೆ ಒಂದು ವಾರದ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಕೂರಬೇಕು, ಉಸಿರು ನೋಡಬೇಕು. ಮೊದಲ ಮೂರು ದಿನ ಮಂಡಿನೋವು, ಸೊಳ್ಳೆ, ಮೆಸ್ಸಿನ ಉಪ್ಪಿಟ್ಟು, ಇಷ್ಟೇ. ನಾಲ್ಕನೆಯ ದಿನ ಕಣ್ಣು ಮುಚ್ಚಿದವನಿಗೆ ಒಂದು ಗೂಟ ಕಂಡಿತು. ಕನಸಿನ ಹಾಗೆ ತೇಲುವಂಥದ್ದಲ್ಲ. ನೆಲಕ್ಕೆ ನೆಟ್ಟ, ತಲೆ ಸವೆದು ತಗ್ಗಾದ, ಎಣ್ಣೆ ಕುಡಿದು ಕಪ್ಪಾದ ಜಾಲಿಮರದ ಗೂಟ. ನಮ್ಮಜ್ಜ ತೊಗಲನ್ನು ಅದರ ಮೇಲಿಟ್ಟು ಬಡಿಯುತ್ತಿದ್ದ. ಅಜ್ಜ ಸತ್ತಾಗ ನನಗೆ ಎಂಟು ವರ್ಷ. ಆಮೇಲೆ ಅದನ್ನು ನೆನೆಸಿಕೊಂಡದ್ದೇ ಇಲ್ಲ. ಅದೇ ದಿನ ಸಂಜೆಯ ಕೂಟದಲ್ಲಿ ಯಾರೋ ಹಿಂದಿನಿಂದ "ತಿಪ್ಪಾ" ಎಂದು ಕೂಗಿದ ಹಾಗಾಯಿತು. ತಿಪ್ಪ ನನ್ನ ಮನೆಯ ಹೆಸರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೇರೆ ಹೆಸರು ಬರೆದುಕೊಂಡರು. ಆ ಹೆಸರಲ್ಲೇ ನಾನು ಈಗ ಸಹಿ ಮಾಡುವುದು.

ಶಿಬಿರದಲ್ಲಿ ಕೂಟ ಮುಗಿದ ಮೇಲೆ ಕಂಡದ್ದನ್ನು, ಕೇಳಿದ್ದನ್ನು ಹಂಚಿಕೊಳ್ಳುವ ರೂಢಿ. ಒಬ್ಬರಿಗೆ ನೀಲಿ ಜ್ಯೋತಿ, ಒಬ್ಬರಿಗೆ ತಾವರೆ, ಒಬ್ಬರಿಗೆ ಓಂಕಾರ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ನವಿಲುಗರಿ. ನಡೆಸಿಕೊಡುವವರು ಒಂದೊಂದಕ್ಕೂ ಅರ್ಥ ಹೇಳುತ್ತಿದ್ದರು. ನನ್ನ ಸರದಿಗೆ, "ಮರದ ಗೂಟ" ಎಂದೆ. ಅವರು ಅರೆಕ್ಷಣ ಯೋಚಿಸಿ, "ಅದು ಮೂಲಾಧಾರ. ಸ್ಥಿರತೆ ಬರ್ತಾ ಇದೆ, ಬಹಳ ಒಳ್ಳೇದು" ಎಂದರು. ಹೆಸರು ಏನಾದರೂ ಕೇಳಿಸಿತಾ ಎಂದಾಗ, ಇಲ್ಲ ಎಂದೆ.

ಆ ಮನುಷ್ಯರ ಮೇಲೆ ನನಗೆ ದ್ವೇಷವಿಲ್ಲ, ಒಳ್ಳೆಯವರೇ. ಆದರೆ ಮೂಲಾಧಾರ ಎಂಬ ಒಂದು ಮಾತಿನಿಂದ ನನ್ನಜ್ಜ, ಅವನ ಬೆರಳಿನ ಗಾಯ, ತಂಗಡಿ ತೊಗಟೆಯ ವಾಸನೆ ಎಲ್ಲವೂ ಕೋಣೆಯಿಂದ ಆಚೆ ಹೋದವು. ಹೋಗಲಿ ಎಂದು ನಾನೂ ಸುಮ್ಮನಿದ್ದೆ, ಯಾಕೆಂದರೆ ಮೂಲಾಧಾರಕ್ಕೆ ಮರ್ಯಾದೆ ಇತ್ತು. ವರ್ಷಗಳಾದ ಮೇಲೆ ತರಗತಿಯಲ್ಲಿ ನಾನು ಆ ಹುಡುಗನಿಗೆ ಮಾಡಿದ್ದೂ ಇದನ್ನೇ.

*

ಕಂಡದ್ದನ್ನು ಬಿಡಿಸಿ ಹೇಳುವ ಕೆಲಸ ನಮ್ಮಲ್ಲಿ ಹೊಸದಲ್ಲ. ವಚನ ಪರಂಪರೆಯಲ್ಲಿ ಅದಕ್ಕೊಂದು ಉದ್ಯಮವೇ ಇತ್ತು. ಬೆಡಗಿನ ವಚನಗಳಿಗೆ ಹದಿನೈದನೆಯ ಶತಮಾನದಿಂದೀಚೆಗೆ ಬಂದ ಟೀಕೆಗಳಲ್ಲಿ ಊರೆಂದರೆ ದೇಹ, ಕಿಚ್ಚೆಂದರೆ ಜ್ಞಾನ ಎಂಬ ಬಗೆಯ ಲೆಕ್ಕ ನಡೆಯುತ್ತದೆ. ಟೀಕಾಕಾರರ ಪಾಂಡಿತ್ಯ ದೊಡ್ಡದು. ಷಟ್‌ಸ್ಥಲದ ಚೌಕಟ್ಟು ಕೈಯಲ್ಲಿದ್ದರೆ ಯಾವ ಪ್ರತಿಮೆಯನ್ನು ಬೇಕಾದರೂ ಅದರೊಳಗೆ ಕೂರಿಸಬಹುದು. ನನ್ನ ತಕರಾರು ಕೂರಿಸಿದ್ದಕ್ಕಲ್ಲ, ಕೂರಿಸಿದ ಮೇಲೆ ವಸ್ತುವನ್ನು ಎಸೆದದ್ದಕ್ಕೆ. ಅರ್ಥ ಸಿಕ್ಕಿತು, ಇನ್ನು ಉಳಿ ಯಾಕೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಹಾಗೆ. (ಅಂಬಿಗರ ಚೌಡಯ್ಯನಿಗೆ ಇದು ಮೊದಲೇ ಗೊತ್ತಿತ್ತೋ ಏನೋ. ಅವನು ದೇವರ ಅಂಕಿತದ ಗೊಡವೆಗೇ ಹೋಗದೆ ತನ್ನ ಹೆಸರನ್ನೇ, ಕಸುಬಿನ ಸಮೇತ, ವಚನದ ಕೊನೆಗೆ ನಿಲ್ಲಿಸಿಬಿಟ್ಟ. ಅವನನ್ನು ದಾಟಿ ಮುಂದೆ ಹೋಗುವಂತಿಲ್ಲ.)

ಅಲ್ಲಮನ ಕಥೆಯನ್ನೇ ನೋಡಿ. ಹರಿಹರನ ಪ್ರಭುದೇವರ ರಗಳೆಯಲ್ಲಿ, ಕಾಮಲತೆಯನ್ನು ಕಳೆದುಕೊಂಡು ಹುಚ್ಚನಂತಾದ ಅಲ್ಲಮ ಒಂದು ತೋಪಿನಲ್ಲಿ ಕೂತು ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿರುವಾಗ ಹೂತುಹೋದ ಗುಡಿಯ ಹೊನ್ನ ಕಳಸ ಕಾಣುತ್ತದೆ. ನೆಲ ಅಗೆಸಿ, ಬಾಗಿಲು ಒದ್ದು ಒಳಗೆ ಹೋದರೆ ಅಲ್ಲಿ ಎವೆಯಿಕ್ಕದೆ ಲಿಂಗ ನೋಡುತ್ತ ಕೂತ ಅನಿಮಿಷಯ್ಯ. ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಕನ್ನಡದಲ್ಲಿ ಧ್ಯಾನದ ಬಗ್ಗೆ ಇದಕ್ಕಿಂತ ಗಾಢವಾದ ಚಿತ್ರ ನನಗೆ ಗೊತ್ತಿಲ್ಲ. ಕಳಸ, ನೆಲಮಾಳಿಗೆ, ಬಾಗಿಲು, ಕಣ್ಣು ಎಲ್ಲಕ್ಕೂ ವ್ಯಾಖ್ಯಾನಗಳಿವೆ. ಅಗೆಸಿದ ಅಂದರೆ ಅಗೆದವರು ಇದ್ದರಲ್ಲ? ಅವರು ಗುದ್ದಲಿ ತೊಳೆದುಕೊಂಡು ಎತ್ತ ಹೋದರು? ಗುಡಿ ತೆರೆದ ಮೇಲೆ ಅವರೂ ಬಗ್ಗಿ ಒಳಗೆ ನೋಡಿರಬೇಕು. ಅವರಿಗೆ ಏನು ಕಂಡಿತು? ಈ ಪ್ರಶ್ನೆ ಕೇಳಿದರೆ ಸೆಮಿನಾರಿನಲ್ಲಿ ಕೆಲವರು ನಗುತ್ತಾರೆ, ಕೆಲವರು ಇದು ಸಾಹಿತ್ಯದ ಪ್ರಶ್ನೆಯಲ್ಲ ಎನ್ನುತ್ತಾರೆ. ಗುದ್ದಲಿಯಿಲ್ಲದೆ ಆ ಲಿಂಗ ಹೊರಗೆ ಬರುತ್ತಿರಲಿಲ್ಲ ಎಂಬುದು ಕಥೆಯೊಳಗಿನ ಸಂಗತಿಯೇ.

*

ಈಗ ನಮ್ಮವರ ಕಡೆಗೂ ತಿರುಗಬೇಕು. ಮೇಲ್ಜಾತಿಯ ವ್ಯಾಖ್ಯಾನ ವಸ್ತುವನ್ನು ಎಸೆದು ಅರ್ಥವನ್ನು ಇಟ್ಟುಕೊಂಡರೆ, ನಾವು ಅರ್ಥವನ್ನು ಎಸೆದು ವಸ್ತುವನ್ನು ಮಾತ್ರ ಇಟ್ಟುಕೊಂಡೆವು. ಹೋರಾಟದ ದಿನಗಳಲ್ಲಿ ಬಂದ ಓದು ಉಳಿಯನ್ನು ಉಳಿಯೆಂದೇ ಓದಿತು. ಅದು ಶ್ರಮದ ಗುರುತು, ಶೋಷಣೆಯ ಸಾಕ್ಷಿ, ಕಾಯಕದ ಹೆಮ್ಮೆ. ಈ ಓದಿನ ಋಣ ನನ್ನ ಮೇಲಿದೆ. ಅದಿಲ್ಲದಿದ್ದರೆ ಚೆನ್ನಯ್ಯ ಪಠ್ಯಪುಸ್ತಕಕ್ಕೆ ಬರುತ್ತಿರಲಿಲ್ಲ, ನಾನು ಕಾಲೇಜಿಗೆ ಬರುತ್ತಿರಲಿಲ್ಲ. ಆದರೆ ಧ್ಯಾನ, ಅನುಭಾವ, ಕಾಣ್ಕೆ ಎಂಬ ಮಾತು ಬಂದ ಕೂಡಲೆ, "ಅದೆಲ್ಲ ಹೊಟ್ಟೆ ತುಂಬಿದವರ ಸರಕು ಬಿಡ್ರಿ" ಎಂದು ಎದ್ದು ಹೋಗುವ ಚಾಳಿಯೂ ನಮಗೆ ಆ ದಿನಗಳಲ್ಲೇ ಅಂಟಿತು. ಹಾಗೆ ಎದ್ದು ಹೋದಾಗ ಒಳಲೋಕ ಪೂರ್ತಿ ಅವರ ಪಾಲಿಗೆ ಉಳಿಯಿತು. ಒಬ್ಬ ಮಾದಿಗ ಕಣ್ಣು ಮುಚ್ಚಿ ಕೂತರೆ ಅವನಿಗೆ ಏನೂ ಕಾಣಿಸಬಾರದು, ಕಂಡರೆ ಹಸಿವೆಯೇ ಕಾಣಬೇಕು. ಇದೂ ಒಂದು ಬಗೆಯ ಮಡಿ.

ಅಂಬೇಡ್ಕರ್ ಧ್ಯಾನವನ್ನು ತಳ್ಳಿಹಾಕಿದರು ಎಂದು ಹೇಳುವವರು ಅವರ ಕೊನೆಯ ಪುಸ್ತಕ, 1957ರಲ್ಲಿ ಅವರ ನಿಧನಾನಂತರ ಬಂದ 'ಬುದ್ಧ ಮತ್ತು ಆತನ ಧಮ್ಮ'ವನ್ನು ನಿಧಾನವಾಗಿ ಓದಬೇಕು. ಅಲ್ಲಿ ಗೌತಮ ಬೋಧಿವೃಕ್ಷದ ಕೆಳಗೆ ಕೂರುವ ಮೊದಲು ನಲವತ್ತು ದಿನಕ್ಕಾಗುವಷ್ಟು ಆಹಾರ ಕೂಡಿಟ್ಟುಕೊಳ್ಳುತ್ತಾನೆ. ನಾಲ್ಕು ವಾರ ಧ್ಯಾನ. ಅದರ ಮೊದಲ ಹಂತವೇ ವಿವೇಚನೆ ಮತ್ತು ಶೋಧನೆ. ಲೋಕದ ದುಃಖವನ್ನು ಹೇಗೆ ಕಳೆಯಬೇಕು ಎಂಬ ಪ್ರಶ್ನೆಯನ್ನು ಹೊತ್ತೇ ಅವನು ಕೂತಿದ್ದಾನೆ. ಊಟದ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಧ್ಯಾನಕ್ಕೆ ಕೂರುವ ಬುದ್ಧನನ್ನು ಬಾಬಾಸಾಹೇಬರು ನಮ್ಮ ಮುಂದೆ ತಂದರು. ಹೊಟ್ಟೆಯ ಪ್ರಶ್ನೆಗೂ ಕಣ್ಣು ಮುಚ್ಚುವುದಕ್ಕೂ ಅಲ್ಲಿ ಜಗಳವಿಲ್ಲ.

ಬೌದ್ಧ ಪರಂಪರೆಯಲ್ಲೇ ನನಗೆ ಉಪಯೋಗಕ್ಕೆ ಬಂದ ಇನ್ನೊಂದು ಸಂಗತಿ ಇದೆ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗದಲ್ಲಿ, ಉಸಿರಿನ ಧ್ಯಾನ ಮಾಡುವವರಿಗೆ ಕಾಣುವ ಕುರುಹುಗಳ ಪಟ್ಟಿಯೊಂದಿದೆ. ಪಾಲಿಯಲ್ಲಿ ಅದಕ್ಕೆ ನಿಮಿತ್ತ ಎನ್ನುತ್ತಾರೆ. ಕೆಲವರಿಗೆ ನಕ್ಷತ್ರದ ಹಾಗೆ, ಕೆಲವರಿಗೆ ಮುತ್ತಿನ ಹಾಗೆ, ಕೆಲವರಿಗೆ ಹತ್ತಿಯ ಬೀಜ, ಹೂಮಾಲೆ, ಹೊಗೆಯ ಎಳೆ, ಜೇಡರ ಬಲೆ, ಮೋಡ, ತಾವರೆ, ಗಾಡಿಯ ಚಕ್ರ, ಚಂದ್ರ, ಸೂರ್ಯ. ಈ ಪಟ್ಟಿಯ ನಡುವೆ, ಯಾರೂ ಎತ್ತಿ ತೋರಿಸದ ಜಾಗದಲ್ಲಿ, ಗಟ್ಟಿ ಮರದ ತಿರುಳಿನಿಂದ ಮಾಡಿದ ಗೂಟವೂ ಇದೆ. ಅದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಅಂಗಳದಲ್ಲಿ ಓಡಾಡಿದೆ. ಸಾವಿರದ ಐನೂರು ವರ್ಷದ ಹಿಂದೆ ಯಾವನೋ ಭಿಕ್ಕುವಿಗೆ ಗೂಟ ಕಂಡಿದೆ. ಅದನ್ನು ಬರೆದುಕೊಂಡವರು ಅದಕ್ಕೆ ನಾಚಲಿಲ್ಲ, ಮೂಲಾಧಾರ ಎಂದು ಮುಚ್ಚಿಡಲೂ ಇಲ್ಲ.

ಅದಕ್ಕಿಂತ ಮುಖ್ಯ, ಮುಂದೆ ಬರುವ ವಿವರಣೆ. ಒಂದೇ ಧ್ಯಾನ, ಒಬ್ಬೊಬ್ಬರಿಗೆ ಬೇರೆ ಬೇರೆ ಕುರುಹು ಯಾಕೆ? ಭಿಕ್ಕುಗಳು ಒಟ್ಟಿಗೆ ಕೂತು ಒಂದು ಸುತ್ತವನ್ನು ಹೇಳಿಕೊಂಡ ಮೇಲೆ ಇದು ನಿಮಗೆ ಹೇಗೆ ಕಂಡಿತು ಎಂದು ಕೇಳಿದರೆ ಒಬ್ಬ ಬೆಟ್ಟದಿಂದಿಳಿಯುವ ದೊಡ್ಡ ಹೊಳೆ ಎನ್ನುತ್ತಾನೆ, ಇನ್ನೊಬ್ಬ ಕಾಡಿನ ಸಾಲು ಎನ್ನುತ್ತಾನೆ, ಮತ್ತೊಬ್ಬ ನೆರಳು ಕೊಡುವ ಹಣ್ಣಿನ ಮರ ಎನ್ನುತ್ತಾನೆ. ಸುತ್ತ ಒಂದೇ, ಗ್ರಹಿಕೆ ಬೇರೆ. ಕುರುಹು ಹುಟ್ಟುವುದು ಗ್ರಹಿಕೆಯಿಂದ ಎಂದು ಬುದ್ಧಘೋಷ ಖಚಿತವಾಗಿ ಹೇಳುತ್ತಾನೆ. ಅಂದರೆ ಕುರುಹು ಮೇಲಿನಿಂದ ಇಳಿದು ಬಂದದ್ದಲ್ಲ, ಕೂತವನ ಲೋಕದಿಂದಲೇ ಎದ್ದದ್ದು. ಗ್ರಹಿಕೆ ಎಂಬ ಮಾತಿನ ಒಳಗೆ ಜಾತಿ, ಕಸುಬು, ಕೇರಿಯನ್ನು ಸೇರಿಸುವ ಕೆಲಸ ಬುದ್ಧಘೋಷನದಲ್ಲ, ನಮ್ಮದು. ಬ್ಯಾಂಕಿನ ಮಹಿಳೆಗೆ ನವಿಲುಗರಿ, ನನಗೆ ಗೂಟ. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂದು ನಮ್ಮಿಬ್ಬರಿಗೂ ಯಾರು ಕಲಿಸಿದರು ಎಂದು ಕೇಳಿಕೊಳ್ಳುವುದೂ ನಮ್ಮದೇ.

*

ಇಷ್ಟಾದ ಮೇಲೆ ಮಾದಾರ ಧೂಳಯ್ಯನ ಹತ್ತಿರ ಹೋಗಬಹುದು. ಅವನ ಒಂದು ವಚನದಲ್ಲಿ, ಅಟ್ಟೆಯನ್ನು ಚುಚ್ಚುತ್ತಿರುವ ಉಳಿಯ ಮೊನೆಯಲ್ಲಿ ಪರಬ್ರಹ್ಮ ಪ್ರತ್ಯಕ್ಷವಾಗುತ್ತದೆ. ಅಟ್ಟೆ ಎಂದರೆ ಕೆರದ ತಳ. ಹೊಲಿಗೆಗೆ ತೂತು ಹಾಕುವ ಕ್ಷಣ ಅದು. ಆ ಕ್ಷಣದಲ್ಲಿ ಕಣ್ಣು ಬೇರೆಡೆ ಹೋದರೆ ಉಳಿ ಬೆರಳಿಗೆ ಇಳಿಯುತ್ತದೆ. ಅಜ್ಜನ ಎಡಗೈ ಹೆಬ್ಬೆರಳಿನಲ್ಲಿ ಅಂಥ ಮೂರು ಕಲೆಗಳಿದ್ದವು. ಅನಿಮಿಷಯ್ಯನ ಎವೆಯಿಕ್ಕದ ನೋಟ ನೆಲಮಾಳಿಗೆಯಲ್ಲಿತ್ತು, ಧೂಳಯ್ಯನ ಎವೆಯಿಕ್ಕದ ನೋಟ ಉಳಿಯ ಮೊನೆಯಲ್ಲಿದೆ. ಕಸುಬಿನ ಏಕಾಗ್ರತೆಯೇ ಇಲ್ಲಿ ಧ್ಯಾನ. ಅದಕ್ಕೆ ಬೇರೆ ಆಸನ, ಬೇರೆ ಹೊತ್ತು ಬೇಕಾಗಿಲ್ಲ. ಇಲ್ಲಿಯವರೆಗೆ ಎಲ್ಲ ವ್ಯಾಖ್ಯಾನಕಾರರೂ ಒಪ್ಪುತ್ತಾರೆ, ಖುಷಿಯನ್ನೂ ಪಡುತ್ತಾರೆ: ನೋಡಿ, ದೇವರು ಚಪ್ಪಲಿ ಹೊಲಿಯುವವನಿಗೂ ಒಲಿದ!

ಧೂಳಯ್ಯ ಮಾತ್ರ ಖುಷಿ ಪಡುವುದಿಲ್ಲ. ಕಂಡದ್ದಕ್ಕೆ ಕೈಮುಗಿದು ಕೂರುವುದಿಲ್ಲ. ನೀನು ಇಲ್ಲಿಗೆ ಯಾಕೆ ಬಂದೆ ಎಂಬ ಧಾಟಿಯಲ್ಲಿ ಪರಬ್ರಹ್ಮವನ್ನೇ ವಿಚಾರಿಸಿಕೊಂಡು, ನಿನ್ನ ದಾರಿ ಹಿಡಿ ಎಂದು ಸಾಗಹಾಕುತ್ತಾನೆ. ಬಾಗಿಲಿಗೆ ಬಂದ ಸಾಲಗಾರನನ್ನು ಮಾತಾಡಿಸಿದ ಹಾಗಿದೆ. ಇದನ್ನು ಕೆಲವರು ನಿಂದಾಸ್ತುತಿ ಎನ್ನುತ್ತಾರೆ, ಇನ್ನು ಕೆಲವರು ಕಾಯಕನಿಷ್ಠೆ ಎನ್ನುತ್ತಾರೆ. ನನಗೆ ಕಾಣುವುದು ಬೇರೆ. ಕುರುಹು ಕಂಡವನಿಗೆ ಕುರುಹನ್ನು ತೂಗಿ ನೋಡುವ ಹಕ್ಕೂ ಇದೆ ಎಂಬುದನ್ನು ಇಲ್ಲಿ ಒಬ್ಬ ಮಾದಾರ ಯಾರ ಅಪ್ಪಣೆಯೂ ಇಲ್ಲದೆ ಚಲಾಯಿಸುತ್ತಿದ್ದಾನೆ. ಇದೇನೆಂದು ಹೇಳಿ ಸ್ವಾಮಿ ಎಂದು ಅವನು ಯಾರ ಹತ್ತಿರವೂ ಓಡುವುದಿಲ್ಲ. ಉಳಿ ಅವನದು, ಮೊನೆ ಅವನದು, ಮೊನೆಯಲ್ಲಿ ಕಂಡದ್ದರ ಅರ್ಥವೂ ಅವನದೇ. ಅವನ ಅಂಕಿತ ಕಾಮಧೂಮ ಧೂಳೇಶ್ವರ. ಹೊಗೆ ಮತ್ತು ಧೂಳು. ಬೇರೆಯವರ ದೇವರ ಹೆಸರಿನಲ್ಲಿ ನದಿ ಸಂಗಮ, ಮಲ್ಲಿಗೆ ಇರುವಾಗ ಇವನು ಹೊಗೆ, ಧೂಳುಗಳನ್ನು ಒರೆಸದೆ ಉಳಿಸಿಕೊಂಡ.

ಚೆನ್ನಯ್ಯನ ಅಂಕಿತ ಇನ್ನೂ ಜಟಿಲ. ಕೈಯುಳಿ, ಕತ್ತಿ, ಅಡಿಗೂಂಟ ಮೂರನ್ನೂ ಹೆಸರಿಸಿ, ಅವುಗಳ ಅಡಿಗೆ ಬೀಳಬಾರದೆಂದು ಎಚ್ಚರಿಸಿ, ಆಮೇಲೆ ಆತ್ಮರಾಮನನ್ನು ಅರಿಯಲು ಹೇಳುತ್ತದೆ. ಇದನ್ನು ಕಾಯಕದ ಹೆಮ್ಮೆ ಎಂದು ಓದುವ ನಮ್ಮ ಗೆಳೆಯರು ಒಂದು ಸಲ ನಿಂತು ನೋಡಬೇಕು. ಚೆನ್ನಯ್ಯ ತನ್ನ ಸಾಮಾನುಗಳನ್ನು ಹೊಗಳುತ್ತಿಲ್ಲ. ಕಾಯಕವೇ ಕೈಲಾಸ ಎಂಬ ಮಾತನ್ನು ಇಂದು ಸರ್ಕಾರಿ ಕಚೇರಿಯ ಗೋಡೆಯಿಂದ ಹಿಡಿದು ಮಠದ ಕ್ಯಾಲೆಂಡರಿನವರೆಗೆ ಎಲ್ಲರೂ ಹಚ್ಚುತ್ತಾರೆ. ಸತ್ತ ದನ ಎಳೆಯುವವನ ಮುಂದೆ ಅದನ್ನು ಹೇಳಿ ನೋಡಿ. ಕಸುಬು ಜಾತಿಯ ಹಗ್ಗವಾಗಿರುವ ಕಡೆ ಕಸುಬಿನ ಹೊಗಳಿಕೆ ಆ ಹಗ್ಗವನ್ನೇ ಬಿಗಿಯುತ್ತದೆ. ಚೆನ್ನಯ್ಯನಿಗೆ ಅದು ಗೊತ್ತಿತ್ತು. ಹಾಗೆಂದು ಅವನು ಉಳಿ ಕತ್ತಿಗಳನ್ನು ಬಾವಿಗೆ ಎಸೆದು ಶುದ್ಧವಾದ ಹೆಸರೊಂದನ್ನು ಹಿಡಿದು ಮೇಲಕ್ಕೆ ಹೋಗಲೂ ಇಲ್ಲ. ಅವನ ದೇವರ ಹೆಸರನ್ನು ಉಚ್ಚರಿಸಬೇಕಾದರೆ ಮೊದಲು ಉಳಿ, ಕತ್ತಿ, ಅಡಿಗೂಂಟ ಬಾಯಿಗೆ ಬರಲೇಬೇಕು. ದೊಡ್ಡ ಮನೆತನದ ಭಕ್ತನೊಬ್ಬ ಆ ವಚನ ಹಾಡಿದರೂ ಅವನ ಬಾಯಿಂದ ಮಾದಿಗರ ಸಾಮಾನಿನ ಪಟ್ಟಿ ಹೊರಡಲೇಬೇಕು. ಎಂಥ ಉಪಾಯ ಇದು!

ಅಡಿಗೂಂಟ ಏನು ಕೆಲಸ ಮಾಡುತ್ತದೆ ಎಂದು ತಿಳಿಯದವನಿಗೆ ಆ ಎಚ್ಚರಿಕೆಯ ತೂಕ ಗೊತ್ತಾಗದು. ನಾನು ಅದನ್ನು ನಮ್ಮಜ್ಜನ ಗೂಟದಿಂದ ಓದುತ್ತೇನೆ. ಗೂಟ ತಾನೇ ಏನೂ ಮಾಡುವುದಿಲ್ಲ. ಬಡಿತವೆಲ್ಲ ತೊಗಲಿನ ಮೇಲೆ ಬೀಳುತ್ತದೆ, ತೊಗಲಿನಿಂದ ಗೂಟಕ್ಕೆ ಇಳಿಯುತ್ತದೆ. ತೊಗಲು ಹದವಾಗಿ, ಕೆರವಾಗಿ, ಸಂತೆಗೆ ಹೋಗುತ್ತದೆ. ಗೂಟ ಅಲ್ಲೇ ಇರುತ್ತದೆ, ತಲೆ ಸವೆಸಿಕೊಂಡು. ಹಾಗೆ ಆಗಬೇಡ ಎಂದು ಒಬ್ಬ ಮಾದಾರ ತನಗೆ ತಾನೇ ಹೇಳಿಕೊಂಡರೆ ಅದು ದೇಹದ ಮೋಹ ಬಿಡು ಎಂಬ ಸಾಮಾನ್ಯ ವೈರಾಗ್ಯವಲ್ಲ. ಅದು ದೇಹವನ್ನೂ ದಾಟಿದ ಮಾತು ಹೌದು, ಅಲ್ಲಿಗೆ ಹೋಗಬೇಕಾದರೆ ಗೂಟದ ಮೂಲಕವೇ ಹೋಗಬೇಕು. ಟೀಕಾಕಾರರು ಗೂಟವನ್ನು ಬಿಟ್ಟು ಹೋದರು. ನಾವು ಗೂಟದ ಹತ್ತಿರವೇ ನಿಂತುಬಿಟ್ಟೆವು.

ಒಂದು ಹೋಲಿಕೆ ಇಲ್ಲಿ ಹೇಳಲೇಬೇಕು. 1996ರಲ್ಲಿ ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನ ಅಂಕಿತವನ್ನು ಕೂಡಲಸಂಗಮದೇವದಿಂದ ಲಿಂಗದೇವ ಎಂದು ಬದಲಿಸಿದಾಗ ನಾಡೇ ಎದ್ದು ನಿಂತಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, ವ್ಯಾಜ್ಯ ಸುಪ್ರೀಂ ಕ��ರ್ಟಿನವರೆಗೆ ಹೋಗಿ 2017ರಲ್ಲಿ ಮುಟ್ಟುಗೋಲೇ ಸರಿ ಎಂದು ತೀರ್ಮಾನವಾಯಿತು. ಒಂದು ಹೆಸರು ಬದಲಾದರೆ ಎಷ್ಟು ಜನರ ಮನಸ್ಸಿಗೆ ನೋವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಬದಲಿಸಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಚೆನ್ನಯ್ಯನ ಅಂಕಿತದ ಅಕ್ಷರಗಳು ಹಾಗೇ ಇವೆ, ಒಳಗಿನ ಉಳಿಯನ್ನು ಮನಸ್ಸು, ಕತ್ತಿಯನ್ನು ಇಂದ್ರಿಯ ಎಂದು ನನ್ನಂಥ ನೂರಾರು ಮೇಷ್ಟ್ರುಗಳು ದಿನವೂ ಬದಲಿಸುತ್ತಿದ್ದೇವೆ. ಯಾರಿಗೂ ನೋವಾದ ಸುದ್ದಿಯಿಲ್ಲ.

*

ಹೆಸರಿನ ಮಾತಿಗೆ ಬಂದದ್ದಕ್ಕೆ ಉರಿಲಿಂಗಪೆದ್ದಿಯನ್ನು ಬಿಡುವಂತಿಲ್ಲ. ಕಥೆ ಹೇಳುವಂತೆ ಅವನು ಕಳ್ಳ, ಅಸ್ಪೃಶ್ಯ. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವ ದೀಕ್ಷೆ ಕೊಡುವುದನ್ನು ಕದ್ದು ನೋಡುತ್ತಾನೆ. ಆಮೇಲೆ ದಿನವೂ ಸೌದೆ ಹೊತ್ತು ತಂದು ಹಾಕಿ, ನನಗೂ ಲಿಂಗ ಕೊಡಿ ಎಂದು ಕಾಡುತ್ತಾನೆ. ಗುರು ಸಿಟ್ಟಿನಿಂದ ಒಂದು ಕಲ್ಲನ್ನು ಎಸೆಯುತ್ತಾನೆ. ಪೆದ್ದಿ ಅದನ್ನೇ ಲಿಂಗವೆಂದು ಎತ್ತಿಕೊಳ್ಳುತ್ತಾನೆ. ಭಕ್ತಿಯ ಮುಗ್ಧತೆ ಎಂದು ಈ ಕಥೆಯನ್ನು ಹೇಳುವ ರೂಢಿ. ನಮ್ಮ ಕೇರಿಯವರಿಗೆ ಅದು ಬೇರೆ ಥರ ಕೇಳಿಸುತ್ತದೆ. ನಮ್ಮ ಮೇಲೆ ಎಸೆದ ಕಲ್ಲುಗಳು ನಮಗೆ ಗೊತ್ತಿವೆ. ಎಸೆದವನ ಅರ್ಥ ಒಂದು, ಎತ್ತಿಕೊಂಡವನ ಅರ್ಥ ಇನ್ನೊಂದು. ಆ ಕಲ್ಲನ್ನು ಹಿಡಿದು ಕೂತವನು ಕೊನೆಗೆ ಅದೇ ಮಠದ ಒಡೆಯನಾದ ಎನ್ನುತ್ತದೆ ಕಥೆ. ಮತ್ತು ಪೆದ್ದಿ ಎಂಬ ಬೈಗುಳವನ್ನು ಅಂಕಿತದಿಂದ ತೆಗೆಯದೆ, ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ ಎಂದು ದೇವರಿಗೇ ಅಂಟಿಸಿಬಿಟ್ಟ. ಅವನ ಹೆಂಡತಿ ಕಾಳವ್ವೆ ತನ್ನ ಅಂಕಿತದಲ್ಲಿ ಉರಿಲಿಂಗಪೆದ್ದಿಗಳರಸ ಎಂದು ಅದೇ ಹೆಸರನ್ನು ಮತ್ತೆ ಎತ್ತಿಕೊಂಡಳು. ಕುರಿ ಕೋಳಿ ಮೀನು ತಿನ್ನುವವರು ಕುಲಜರಾದರೆ ನಾವು ಹೇಗೆ ಕೀಳು ಎಂದು ಸೀದಾ ಕೇಳಿದ ಹೆಂಗಸು ಅವಳು. ಅವಳ ದೇವರ ಹೆಸರಿನಲ್ಲೂ ಪೆದ್ದಿ ಕೂತಿದ್ದಾನೆ.

ನನ್ನ ತಿಪ್ಪನ ವಿಷಯ ಇಷ್ಟು ಧೈರ್ಯದ್ದಲ್ಲ. ಶಿಬಿರದಿಂದ ಬಂದ ಮೇಲೆ ಗೆಳೆಯನೊಬ್ಬನಿಗೆ ಮಾತ್ರ ಹೇಳಿದೆ. ಅವನು ನಮ್ಮ ಚಿತ್ರದುರ್ಗದ ಕಡೆಯವನೇ. ಒಂದೇ ಉಸಿರಿಗೆ, "ಲೇ, ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಕರೆದಿದ್ದು, ಹೋಗಿ ಬಾ" ಅಂದ. ನಮ್ಮ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ಎಲ್ಲಕ್ಕೂ ಸ್ವಾಮಿಯೇ ಮೂಲ ಎಂದು ಹೇಳಿದರೆ ನಂಬುವಂತೆಯೇ ಇದೆ. ಒಂದು ಕ್ಷಣ ನನಗೂ ಸಮಾಧಾನವಾಯಿತು. ತಿಪ್ಪೆ ಹೋಗಿ ಸ್ವಾಮಿ ಉಳಿಯುತ್ತಾನಲ್ಲ!

ಊರಿಗೆ ಹೋದಾಗ ಅವ್ವನನ್ನು ಕೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿನಗಿಂತ ಮುಂಚೆ ಎಲ್ಡು ಕೂಸು ಮಣ್ಣಾಗಿದ್ವು. ನೀನು ಹುಟ್ಟಿದ್ ಒಂಬತ್ತಕ್ಕೆ ನಿಮ್ಮಜ್ಜಿ ನಿನ್ನ ಮರದಾಗ ಹಾಕ್ಕಂಡು ತಿಪ್ಪೆ ಮ್ಯಾಲೆ ಮಲಗಿಸಿ ಬಂದ್ಲು. ಪಕ್ಕದ ಮನೆಯಾಕಿ ಎತ್ಕಂಡು ಬಂದು ನನಗೆ ಮಾರಿದ್ಲು, ಒಂದು ಪಾವು ಜ್ವಾಳಕ್ಕೆ. ಕಸ ಅಂದ್ರೆ ಸಾವು ಮುಟ್ಟಲ್ಲ ಅಂತ." ಹಾಗಾದರೆ ಹಟ್ಟಿಯ ಸ್ವಾಮಿಗೂ ಈ ಹೆಸರಿಗೂ ಸಂಬಂಧ ಇಲ್ಲವೇ ಎಂದೆ. "ಹರಕೆ ಹೊತ್ತಿದ್ವಲ್ಲ, ತೇರಿಗೆ ಹೋಗಿ ಕೊಬ್ರಿ ಸುಟ್ಟು ಬಂದ್ವಲ್ಲ. ಎಲ್ಡೂ ಅದೇ." ಎರಡೂ ಅದೇ ಎಂದು ಅವ್ವ ಹೇಳಿದ್ದನ್ನು ನಾನು ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ತಿಪ್ಪೆಯೋ ಸ್ವಾಮಿಯೋ ಎಂಬ ನನ್ನ ಪ್ರಶ್ನೆಯೇ ಅವಳಿಗೆ ಇರಲಿಲ್ಲ. ಸಾವನ್ನು ಮೋಸಗೊಳಿಸಲು ಮಗನಿಗೆ ಕಸದ ಹೆಸರಿಟ್ಟು, ಆ ಹೆಸರಿಗೊಬ್ಬ ದೇವರನ್ನೂ ಕಾವಲಿಟ್ಟ ಹೆಂಗಸರು ಇವರು. ನಾನು ಎಂ.ಎ. ಮಾಡಿ ಎರಡರಲ್ಲಿ ಒಂದನ್ನು ಆರಿಸಲು ಹೊರಟಿದ್ದೆ.

ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ಹಾಡುವಾಗ, ಅವನು ಕಲ್ಯಾಣಕ್ಕೆ ನಾರುವ ಮೈಯಲ್ಲಿ, ಯಾರೂ ಹತ್ತಿರ ಸೇರಿಸದ ರೂಪದಲ್ಲಿ ಬರುತ್ತಾನೆ. ದಿನವೂ ಲಿಂಗ ನೋಡುತ್ತ ಕೂರುವ ಶರಣರಿಗೆ ಅವನ ಗುರುತು ಸಿಗುವುದಿಲ್ಲ. ಹಾಡುವವರು ಅವನನ್ನು ಪರಂಜ್ಯೋತಿ ಎಂದೇ ಕರೆಯುತ್ತಾರೆ. ಜ್ಯೋತಿ ಮತ್ತು ನಾತ ಒಂದೇ ಮೈಯಲ್ಲಿ. ನಮ್ಮ ಜನ ಇದನ್ನು ರಾತ್ರಿಯಿಡೀ ಕೂತು ಕೇಳುತ್ತಾರೆ, ಯಾರಿಗೂ ಗೊಂದಲವಾಗುವುದಿಲ್ಲ. ದೇವನೂರರ 'ಕುಸುಮಬಾಲೆ' 1988ರಲ್ಲಿ ಬಂದಾಗ ಅದರ ಜೋತಮ್ಮಗಳು ರಾತ್ರಿ ಸೇರಿ ಮಾತಾಡುವುದನ್ನು ನೋಡಿ ಮಾಂತ್ರಿಕ ವಾಸ್ತವ ಎಂಬ ಹೊರಗಿನ ಹೆಸರನ್ನು ಕೊಟ್ಟವರಿದ್ದರು. ಕೇರಿಯವರಿಗೆ ಅದು ಮಾಂತ್ರಿಕವೂ ಅಲ್ಲ, ಸಂಕೇತವೂ ಅಲ್ಲ. ದೀಪ ಆರಿಸಿದ ಮೇಲೆ ಅವು ಎಲ್ಲಾದರೂ ಹೋಗಲೇಬೇಕಲ್ಲ.

*

ಮುಂದಿನ ವಾರ ತರಗತಿಗೆ ಹೋಗಿ ನನ್ನ ನೋಟ್ಸಿನ ಉತ್ತರವನ್ನು ಹಿಂದಕ್ಕೆ ಪಡೆದೆ. ನಮ್ಮಜ್ಜನ ಕಸುಬು ಏನೆಂದೂ ಹೇಳಿದೆ. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಒಬ್ಬಳು, "ಪರೀಕ್ಷೆಗೆ ಯಾವುದು ಬರೀಬೇಕು ಸಾರ್?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿಂದಿನ ಬೆಂಚಿನ ಹುಡುಗ ಮಾತ್ರ, "ನಮ್ಮಲ್ಲಿ ಅದಕ್ಕೆ ಕತ್ತಿ ಅನ್ನಲ್ಲ ಸಾರ್, ರಂಪಿಗೆ ಅಂತಾರೆ" ಎಂದು ತಿದ್ದಿದ. ಅವನ ಮಾವನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ಕಂಡೆ. ಈಗ ಗೂಟ ಇಲ್ಲ, ಕಬ್ಬಿಣದ ಮೂರು ಕಾಲಿನ ಅಡಿ ಇದೆ. ಹೊಲಿಗೆಗಿಂತ ಅಂಟು ಹಾಕುವ ಕೆಲಸವೇ ಹೆಚ್ಚು ಎಂದರು. ನಾನು ಚೆನ್ನಯ್ಯನ ಅಂಕಿತವನ್ನು ಓದಿ ಹೇಳಿದೆ. ಎರಡು ಸಲ ಕೇಳಿ, "ಅಡಿ ಆಗಬ್ಯಾಡ ಅಂದ್ನಾ? ಸರಿಯಾಗೇ ಅಂದಾನೆ" ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

1993ರಲ್ಲಿ ಸರ್ಕಾರ ಹದಿನೈದು ಸಂಪುಟಗಳಲ್ಲಿ ವಚನಗಳನ್ನು ಹೊರತಂದಿತು, ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ. ಅದರ ಕೊನೆಯ ಸಂಪುಟ ಪರಿಭಾಷೆಯ ಕೋಶ. ಷಟ್‌ಸ್ಥಲದ ಮಾತುಗಳು ಗೊತ್ತಾಗದಿದ್ದರೆ ಅಲ್ಲಿ ನೋಡಬಹುದು. ಕಸುಬಿನ ಮಾತುಗಳಿಗೆ ಅಂಥದೇ ಇನ್ನೊಂದು ಕೋಶ ಕೇರಿಗಳಲ್ಲಿದೆ, ಅಚ್ಚಾಗಿಲ್ಲ. ಉಳಿಯಲ್ಲಿ ಎಷ್ಟು ಬಗೆ, ಅಡಿಗೂಂಟಕ್ಕೆ ಯಾವ ಮರ, ತೊಗಲು ಹದಕ್ಕೆ ಬಂದದ್ದು ಕೈಗೆ ಹೇಗೆ ಗೊತ್ತಾಗುತ್ತದೆ, ಮನೆಯ ಹೆಸರು ಯಾವುದು, ಶಾಲೆಯ ಹೆಸರು ಯಾವುದು ಎಂದು ಈ ಸಂಚಿಕೆ ಓದುವ ಗೆಳೆಯರು ತಮ್ಮ ತಮ್ಮ ಊರುಗಳಲ್ಲಿ ಕೇಳಿ ಬರೆದಿಟ್ಟರೆ ಚೆನ್ನಯ್ಯ, ಧೂಳಯ್ಯ, ಕಕ್ಕಯ್ಯರನ್ನು ಓದಲು ಅದು ಬೇಕು. ನಮ್ಮ ಊರಿನಲ್ಲಿ ಹೇಳಬಲ್ಲವರು ಇಬ್ಬರು ಉಳಿದಿದ್ದಾರೆ. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಅಜ್ಜನ ಗೂಟ ಎಲ್ಲಿದೆ ಎಂದು ಅವ್ವನನ್ನು ಕೇಳಿದ್ದಕ್ಕೆ, ಅಪ್ಪನಿಗೆ ಅಟೆಂಡರ್ ಕೆಲಸ ಸಿಕ್ಕ ವರ್ಷ ಮಳೆಗಾಲದಲ್ಲಿ ಸೌದೆ ಇರಲಿಲ್ಲ, ನೀರು ಕಾಯಿಸಿದೆವು ಎಂದಳು.